ಕೆಂಚನಾಯಕರ ಕಾಡಿನಲ್ಲಿ ಚಿರತೆ ಇಲ್ಲ

"ನನ್ನ ಕಾಡಿನಲ್ಲಿ ಚಿರತೆಯ ಮೀಸೆಯ ಕೂದಲೂ ಇಲ್ಲ ಪ್ರಭು!" ಹಿರೇಕೋಟೆಯ ಕಾಡಿನ ಅಧಿಕಾರಿ ಕೆಂಚನಾಯಕ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡ. ಚಿರತೆಗಳನ್ನೆಲ್ಲ ಓಡಿಸಿದೆ ಎಂದು ಹೇಳಿಯೇ ರಾಜನಿಂದ ಚಿನ್ನದ ಕಡಗ ಗಿಟ್ಟಿಸಿದವನು ಅವನು. ಈಗ ಒಂದಿದೆ ಎಂದರೆ ಕಡಗ ಉಳಿದೀತೇ?

ಎದುರಿಗೆ ಮೇಕೆ ಮೇಯಿಸುವ ಹಾಲಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಮೂರು ಮೇಕೆ ಚಿರತೆಯ ಬಾಯಿಗೆ ಹೋಗಿದ್ದವು. ಅದು ಸಾಲದೆಂಬಂತೆ, ಸುಳ್ಳು ಹೇಳಿ ಊರನ್ನು ಹೆದರಿಸಿದಳೆಂದು ನಾಯಕ ಅವಳ ಮಂದೆಗೆ ಗುಡ್ಡವನ್ನೇ ಮುಚ್ಚಿಸಿದ್ದ. ಮೇವಿಲ್ಲದೆ ಉಳಿದವೂ ಸಾಯುವುದರಲ್ಲಿದ್ದವು.

"ಹೆಜ್ಜೆ ಗುರುತು ನೋಡಿದ್ದೀನಿ ಬುದ್ಧೀ," ಎಂದಳು.

"ನಾಯಿಯದು," ಎಂದ ನಾಯಕ.

"ಅದರ ಕೂಗು ಕೇಳಿದ್ದೀನಿ."

"ನೆಗಡಿಯಾದ ನಾಯಿ."

"ಮೈತುಂಬ ಚುಕ್ಕೆ ಇತ್ತು!"

"ಕಜ್ಜಿ ನಾಯಿ."

ಸಭೆ ಗೊಳ್ಳೆಂದು ನಕ್ಕಿತು. ವಿದೂಷಕ ಬೊಮ್ಮರಸನಿಗೆ ಮಾತ್ರ ಮೈಯೆಲ್ಲ ಉರಿಯಿತು. ಮೇಕೆ ಕಳೆದುಕೊಂಡವಳನ್ನು ನೋಡಿ ನಗುವ ಬಾಯಿಗಳಿಗೆ ಏನನ್ನಬೇಕು! 'ಇರು ಮಗನೇ, ನಿನ್ನ ನಾಯಿಯನ್ನು ನಿನ್ನ ಮುಂದೆಯೇ ತರುತ್ತೇನೆ' ಎಂದುಕೊಂಡು ಮೆತ್ತಗೆ ಎದ್ದ.

"ಪ್ರಭು, ನಾಯಿ ಹಿಡಿಯೋದಕ್ಕೆ ನಾನೇ ಸಾಕು. ಎಂಟು ದಿನ ಕೊಡಿ. ಅಲ್ಲಿಯವರೆಗೆ ಹಾಲಮ್ಮನ ಮಂದೆ ಅರಮನೆಯ ಹುಲ್ಲು ತಿನ್ನಲಿ."

"ಹಿಡಿ, ಹಿಡಿ!" ನಾಯಕ ನಕ್ಕ. "ಅದು ನಾಯಿ ಅಂತ ಬರೆದೇ ಕೊಡ್ತೀನಿ." ಬರೆದು ಮುದ್ರೆಯನ್ನೂ ಒತ್ತಿದ.

ಬೊಮ್ಮರಸ ಗುಡ್ಡದಲ್ಲಿ ಬೋನು ಇಡಿಸಿದ. ಎಂಟನೆಯ ದಿನ ಆ ಬೋನಿಗೆ ಕಂಬಳಿ ಮುಚ್ಚಿ ಆರು ಜನ ಸಭೆಗೆ ಹೊತ್ತು ತಂದರು.

"ನಾಯಿ ತಂದಿದ್ದೀನಿ ನಾಯಕರೇ," ಬೊಮ್ಮರಸ ಅಗುಳಿಗೆ ಕೈಯಿಟ್ಟ. "ಬಾಗಿಲು ತೆಗೀತೀನಿ. ನೀವೊಂದು ಸಲ 'ಹಚಾ' ಅಂದುಬಿಡಿ, ಓಡಿಹೋಗುತ್ತೆ."

ಕಂಬಳಿ ಸರಿಯಿತು. ಒಳಗಿನದು ಹಲ್ಲು ಕಿರಿದು ಅಬ್ಬರಿಸಿತು. ನಾಯಕ ಒಂದೇ ನೆಗೆತಕ್ಕೆ ಮಂತ್ರಿಯ ಬೆನ್ನ ಹಿಂದೆ!

"ಅಯ್ಯಯ್ಯೋ, ತೆಗೀಬೇಡ! ಚಿರತೆ! ಚಿರತೆ ಕಣೋ!"

ರಾಜ ಹುಬ್ಬು ಗಂಟಿಕ್ಕಿದ. "ಅಂದರೆ ನಮ್ಮ ಕಾಡಿನಲ್ಲಿ ಚಿರತೆ ಇದೆ ಅಂತಾಯಿತು."

"ಎಲ್ಲಿದೆ ಪ್ರಭು?" ಮಂತ್ರಿಯ ಹಿಂದಿನಿಂದಲೇ ನಾಯಕ ಅಂದ. "ಇದು ಸಭೆಯಲ್ಲಿದೆ. ಕಾಡಿನಲ್ಲಿ ಈಗಲೂ ಇಲ್ಲ!"

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ!

ಬೊಮ್ಮರಸ ಕೈಮುಗಿದ. "ನಾಯಕರ ಮಾತು ನೂರಕ್ಕೆ ನೂರು ನಿಜ ಪ್ರಭು. ಅವರೇ ಇದನ್ನು ಗುಡ್ಡಕ್ಕೆ ಒಯ್ದು, ಕೈಯಾರೆ ಬಾಗಿಲು ತೆಗೆದು ಬಿಟ್ಟು ಬರಲಿ. ಆಮೇಲೆ ಕಾಡಿನಲ್ಲಿ ಚಿರತೆ ಇದೆಯೋ ಇಲ್ಲವೋ ಅಂತ ಅವರನ್ನೇ ಕೇಳೋಣ. ಅವರು ವಾಪಸು ಬರದಿದ್ದರೆ, ಇದೆ ಅಂತಲೇ ಅರ್ಥ."

ನಾಯಕ ನೆಲಕ್ಕೆ ಕುಸಿದ. "ಇದೆ ಪ್ರಭು, ಇದೆ! ಒಂದಲ್ಲ, ಏಳಿವೆ!"

ರಾಜ ಬಿದ್ದು ಬಿದ್ದು ನಕ್ಕ. ಹಾಲಮ್ಮನಿಗೆ ಗುಡ್ಡ ತೆರೆಯಿತು, ಮೂರಕ್ಕೆ ಆರು ಮೇಕೆ ಸಿಕ್ಕವು, ಮಂದೆ ಕಾಯೋದಕ್ಕೆ ಕೋಲು ಹಿಡಿದ ಕೆಂಚನಾಯಕನೂ ಸಿಕ್ಕ.