ಸಂಕಮ್ಮನ ಹಾಸುಗಲ್ಲು

ಭೀಮಾ ನದಿಯ ದಂಡೆಯಲ್ಲಿ, ಕರಜಾಲ ಊರಿನಾಚೆ, ಇಟ್ಟಿಗೆಯ ದಿಬ್ಬವೊಂದಿದೆ. ಒಂದು ಕಾಲಕ್ಕೆ ನೂರಾರು ಭಿಕ್ಷುಗಳು ಕಲಿಯುತ್ತಿದ್ದ ವಿಹಾರವಂತೆ. ಈಗ ಉಳಿದದ್ದು ಸ್ತೂಪದ ಬುಡ, ಗೋಡೆಗಳ ಗುರುತು, ಇಪ್ಪತ್ತು ಹೆಜ್ಜೆ ಉದ್ದದ ಒಂದು ಕಲ್ಲುಹಾದಿ. ಆ ಹಾದಿಗೇ ಸಂಕಮ್ಮನ ಹಾಸುಗಲ್ಲು ಎಂದು ಹೆಸರು. ನೋಡಲು ಬಂದವರು ಸಂಕಮ್ಮನ ಗುಡಿ ಎಲ್ಲಿ, ಮೂರ್ತಿ ಎಲ್ಲಿ ಎಂದು ದಿಬ್ಬವೆಲ್ಲ ತಡಕಾಡುತ್ತಾರೆ. ಎಲ್ಲಿ ಸಿಗಬೇಕು, ಪಾಪ! ಸಂಕಮ್ಮ ಎಂಬ ಹೆಂಗಸು ಇಲ್ಲಿ ಹುಟ್ಟಲೂ ಇಲ್ಲ, ಸಾಯಲೂ ಇಲ್ಲ. ಭಿಕ್ಷುಗಳು ಅಡ್ಡಾಡುತ್ತ ಧ್ಯಾನ ಮಾಡುವ ಹಾದಿಗೆ ‘ಚಂಕಮ’ ಎನ್ನುತ್ತಿದ್ದರು. ಜನರ ಬಾಯಲ್ಲಿ ಅದು ಸಂಕಮ್ಮ ಆಯಿತು. ಅಂಥ ಹಾದಿಗಳು ಇಲ್ಲಿ ಹತ್ತಾರು ಇದ್ದವು. ಇದೊಂದರ ಹೆಸರು ಉಳಿದದ್ದಕ್ಕೆ ಕಾರಣ ಬೇರೆ.

ಹಿಂದೆ ಒಮ್ಮೆ ವಿಹಾರಕ್ಕೆ ಜ್ವರದ ಬೇನೆ ಬಡಿಯಿತು. ಸಂಘದ ಹಿರಿಯ ಪಾಠವೊಂದನ್ನು ಪೂರ್ತಿ ಬಲ್ಲವರೆಲ್ಲ ಸತ್ತು, ವೃದ್ಧ ಗುರು ಧಮ್ಮಸೇನರೊಬ್ಬರೇ ಉಳಿದರು. ಕಲಿಯುವ ವಯಸ್ಸಿನವರಲ್ಲಿ ಉಳಿದವನು ನಾಗದತ್ತನೊಬ್ಬನೇ. ಎಲ್ಲವೂ ಬಾಯಿಪಾಠ; ಬರೆದಿಡುವ ರೂಢಿಯಿಲ್ಲ. ಗುರು ಹೋದರೆ ಪಾಠವೂ ಹೋದಂತೆಯೇ. ನಾಗದತ್ತನೋ ನೇಕಾರರ ಮಗ. ಮಗ್ಗಕ್ಕೆ ಉದ್ದುದ್ದ ಎಳೆಯುವ ಹಾಸಿನ ನೂಲು ಹಿಡಿದು ಆಚೆ ಈಚೆ ನಡೆದೇ ಬೆಳೆದವನು. ಕುಳಿತರೆ ಮೈಯೆಲ್ಲ ಚಡಪಡಿಕೆ. ಹತ್ತನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಐದು ಮರೆತಿರುತ್ತಿದ್ದವು. ನಡೆಯುತ್ತ ಕೇಳಿದರೆ ಮಾತ್ರ ಒಂದಕ್ಷರ ಬಿಡುತ್ತಿರಲಿಲ್ಲ. ಆದರೆ ಮುಂದೆ ನಡೆಯುವವನಿಗೆ ಹಿಂದೆ ನಡೆಯುವವನು ಪಾಠ ಹೇಳಬಾರದೆಂಬುದು ಸಂಘದ ಕಟ್ಟುಪಾಡು. ಗುರುವೇ ಮುಂದಾಗಬೇಕು, ಗುರುವಿಗೆ ನಿಲ್ಲಲೂ ತ್ರಾಣವಿಲ್ಲ. “ನನ್ನ ಕೈಲಾಗದು ಭಂತೆ, ಬೇರೆ ಯಾರನ್ನಾದರೂ ಕರೆಸಿ” ಎಂದು ನಾಗದತ್ತ ಅತ್ತೇಬಿಟ್ಟ. “ಎಲ್ಲಿಂದ ಕರೆಸಲಿ? ಸುಡುಗಾಡಿನಿಂದಲೇ?” ಎಂದು ಗದರಿದ ಧಮ್ಮಸೇನರು ಕೋಲೂರಿ ಎದ್ದು ಈ ಕಲ್ಲುಹಾದಿಯಲ್ಲೇ ಮುಂದೆ ನಡೆಯತೊಡಗಿದರು.

ಹದಿನೇಳು ದಿನ ಹಾಗೆ ನಡೆಯಿತು. ಹದಿನೆಂಟನೆಯ ದಿನ ಅವರ ಕಾಲು ಸೋತವು; ಪಾಠ ಇನ್ನೂ ಉಳಿದಿತ್ತು. ನಾಗದತ್ತ ಅವರನ್ನು ಬೆನ್ನ ಮೇಲೆ ಹೊತ್ತುಕೊಂಡ. ಎರಡು ಹೆಜ್ಜೆ ಇಟ್ಟವನೇ ತಟ್ಟನೆ ನಿಂತ. ಈಗ ತಾನು ಮುಂದೆ, ಗುರು ಹಿಂದೆ! “ಭಂತೆ, ಕಟ್ಟುಪಾಡು?” “ಹಿಂದೆ ನಡೆಯುವವನು ಹೇಳಬಾರದು, ಅಷ್ಟೇ. ನಾನೆಲ್ಲಿ ನಡೆಯುತ್ತಿದ್ದೇನೋ, ಮಂಕೇ? ನಡಿ, ನಡಿ!” ಅವರು ಕಿವಿಯಲ್ಲಿ ಹೇಳುತ್ತ ಹೋದರು, ಇವನು ಒಪ್ಪಿಸುತ್ತ ಹೋದ. ಇಳಿಹೊತ್ತಿಗೆ ಕೊನೆಯ ಸಾಲು ಬಂತು. ನಾಗದತ್ತ ಅದನ್ನೂ ಒಪ್ಪಿಸಿದ. ಸರಿ ಎಂದಾಗಲಿ ತಪ್ಪು ಎಂದಾಗಲಿ ಬೆನ್ನಿನಿಂದ ಮಾತಿಲ್ಲ. ತಪ್ಪಿದೆನೇನೋ ಎಂದು ಹೆದರಿ ಮತ್ತೆ ಒಪ್ಪಿಸಿದ, ಮತ್ತೂ ಒಪ್ಪಿಸಿದ. ಉಳಿದ ಭಿಕ್ಷುಗಳು ಬಂದು ಹಿಡಿದು ನಿಲ್ಲಿಸುವವರೆಗೂ, ತಣ್ಣಗಾದ ಗುರುವನ್ನು ಹೊತ್ತು ನಡೆಯುತ್ತಲೇ ಇದ್ದ ಎನ್ನುತ್ತಾರೆ.

ಇಂದಿಗೂ ಸುತ್ತಲಿನ ತಾಯಂದಿರು ಮಾತು ಬಾರದ ಮಕ್ಕಳನ್ನು ಇಲ್ಲಿಗೆ ತರುತ್ತಾರೆ. ಯಾವಾಗ ಹೋದರೂ ಒಬ್ಬಳಾದರೂ ಕಣ್ಣಿಗೆ ಬೀಳುತ್ತಾಳೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, “ಅವ್ವಾ ಅನ್ನು, ನನ್ನಪ್ಪಾ, ಒಂದೇ ಸಲ ಅನ್ನು” ಎನ್ನುತ್ತ ಆ ಕಲ್ಲಿನ ಮೇಲೆ ಆಚೆ ಈಚೆ ನಡೆಯುತ್ತಿರುತ್ತಾಳೆ. ಕಿವಿಯ ಬಳಿ ಏನಾದರೊಂದು ಸದ್ದು ಬರುವವರೆಗೆ ಅವಳು ನಿಲ್ಲುವುದಿಲ್ಲ.