ಮಾಳಿಂಗಪ್ಪನ ಹರಕೆಯ ಕಂಬಳಿ

ಪೂಜ್ಯ ಶ್ರೀ ಮರುಳಯ್ಯ ಅಜ್ಜನವರು ಸೋಗಿಹಾಳದ ಮಠದಲ್ಲಿದ್ದ ಕಾಲ. ಮಠವೆಂದರೆ ಮಣ್ಣಿನ ಗೋಡೆಯ ಎರಡಂಕಣದ ಮನೆ, ಮುಂದೊಂದು ಕಟ್ಟೆ, ಅಷ್ಟೇ. ಪಾದಪೂಜೆಗೆಂದು ಬಂದವರು ಒಳಗೆಲ್ಲ ಹುಡುಕಿ ಸೋಲುತ್ತಿದ್ದರು; ಅಜ್ಜನವರು ಕಟ್ಟೆಯ ಮೇಲೆ ಕೂತು ಭಕ್ತರ ಹರಕು ಕೌದಿಗಳಿಗೆ ತೇಪೆ ಹಚ್ಚುತ್ತಿರುತ್ತಿದ್ದರು.

ಒಂದು ಬೆಳಿಗ್ಗೆ ಕಂಬಳಿ ನೇಯುವ ಮಾಳಿಂಗಪ್ಪ ಹೆಂಡತಿ ಲಗಮವ್ವನೊಡನೆ ಅಲ್ಲಿಗೆ ಬಂದ. ಲಗಮವ್ವನ ಕಂಕುಳಲ್ಲಿ ಎಂಟು ತಿಂಗಳ ಮೊಮ್ಮಗಳು. ಮಾಳಿಂಗಪ್ಪನಿಗೆ ಎರಡು ವರ್ಷದಿಂದ ಇಸುಬು. ಕುತ್ತಿಗೆ, ಮೊಣಕೈ ಸಂದು, ಮೊಣಕಾಲ ಹಿಂಭಾಗದ ಚರ್ಮ ದಪ್ಪಗಾಗಿ ಕಪ್ಪಿಟ್ಟಿತ್ತು. ತುರಿಕೆ ಹತ್ತಿದರೆ ರಕ್ತ ಬರುವವರೆಗೆ ಕೈ ನಿಲ್ಲುತ್ತಿರಲಿಲ್ಲ. ಅದನ್ನಾದರೂ ಹೇಗೋ ಸಹಿಸಿಕೊಂಡಿದ್ದ. ಸಹಿಸಲಾಗದ್ದು ಬೇರೆ ಇತ್ತು: ಕೂಸಿಗೆ ಅಂಟೀತೆಂಬ ಹೆದರಿಕೆಯಿಂದ ಮೊಮ್ಮಗಳನ್ನು ಅವನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಉಪಾಯ ಮಾಡಿರಲಿಲ್ಲವೆಂದಲ್ಲ, ಮಾಡಿದ್ದೆಲ್ಲ ಉಲ್ಟಾ. ವಾಸಿಯಾಗುವವರೆಗೆ ಬರಿಮೈ ಮೇಲೆ ಕರಿಕಂಬಳಿ ಹೊದೆಯುತ್ತೇನೆಂದು ಬೀರಪ್ಪದೇವರಿಗೆ ಹರಕೆ ಹೊತ್ತಿದ್ದ. ತಾನೇ ನೇಯ್ದು, ಹುಣಸೆಬೀಜದ ಗಂಜಿ ಕುಡಿಸಿದ ಒರಟು ಕಂಬಳಿ. ತುರಿಕೆ ಹೆಚ್ಚಿದಾಗ ಭಕ್ತಿ ಸಾಲದೆಂದುಕೊಂಡು ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಆಸ್ಪತ್ರೆಯ ಡಾಕ್ಟರಮ್ಮ ಮುಲಾಮು ಬರೆದುಕೊಟ್ಟು, ಉಣ್ಣೆ ಮೈಗೆ ತಾಗಬಾರದು ಎಂದದ್ದೇ ತಡ, ಚೀಟಿ ಮಡಿಚಿಕೊಂಡು ಎದ್ದು ಬಂದಿದ್ದ. ಹಾಲುಮತದ ಕುರುಬನಿಗೆ ಕಂಬಳಿ ಬಿಡು ಅನ್ನುವುದೂ ಒಂದೇ, ಚರ್ಮ ಸುಲಿದಿಡು ಅನ್ನುವುದೂ ಒಂದೇ.

ಅಜ್ಜನವರ ಪಾದಕ್ಕೆರಗಿ, ನಡೆದದ್ದನ್ನೆಲ್ಲ ಹೇಳಿ, ಇದಕ್ಕಿಂತ ಕಟ್ಟುನಿಟ್ಟಾದ ಇನ್ನೊಂದು ಹರಕೆ ಹೇಳಿಕೊಡಬೇಕೆಂದು ಬೇಡಿಕೊಂಡ. ಅಜ್ಜನವರು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಮೈ ತೋರಿಸೆಂದರು. ಅವನು ಹೊದ್ದದ್ದನ್ನು ತೆಗೆಯುತ್ತಲೇ ಕಂಬಳಿಯನ್ನು ಇಸಿದುಕೊಂಡು ಒಳಗೆ ಹೋದರು. ನಾಲ್ಕು ಮಡಿಕೆ ಮಾಡಿ ದೇವರ ದೀಪದ ಮುಂದೆ ಹಾಸಿ, ಬೀರಪ್ಪನ ಹೆಸರು ಹೇಳಿ, ಅದರ ಮೇಲೆ ಒಂದು ಹಿಡಿ ಭಂಡಾರದ ಅರಿಶಿನ ತೂರಿದರು.

"ನಿನ್ನ ಹರಕಿ ದೇವರಿಗೆ ಮುಟ್ಟಿತು. ಇದು ಇನ್ನ ಆತನ ಗದ್ದಿಗಿ. ಗದ್ದಿಗೀನ ಯಾರರೇ ಹೊದಕೋತಾರೇನು?"

ಮಾಳಿಂಗಪ್ಪ ಬರಿಮೈಯಲ್ಲಿ ಬೆಪ್ಪಾಗಿ ನಿಂತ. ಭಂಡಾರ ಬಿದ್ದ ಕಂಬಳಿಯನ್ನು ಎತ್ತುವ ಧೈರ್ಯ ಅವನ ಕುಲದಲ್ಲೇ ಯಾರಿಗೂ ಇರಲಿಲ್ಲ. ಅಜ್ಜನವರು ಒಗೆದೊಗೆದು ಮೆತ್ತಗಾದ ತಮ್ಮ ಹತ್ತಿಯ ನಿಲುವಂಗಿಯೊಂದನ್ನು ತೊಡಲು ಕೊಟ್ಟರು. ಕುದಿನೀರು ಬೇಡ, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ತಿಕ್ಕದೆ ಒರೆಸಿಕೊಂಡು, ಮೈಯಲ್ಲಿ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳಿದರು. ಉಗುರು ಕತ್ತರಿಸಿಕೊಂಡು, ನೇಯುವಾಗ ತುಂಬುತೋಳಿನ ಅಂಗಿ ತೊಟ್ಟು, ಮುಲಾಮಿಗೆ ಡಾಕ್ಟರಮ್ಮನ ಬಳಿಗೇ ಮರಳಿ ಹೋಗಬೇಕೆಂದರು.

ಆಮೇಲೆ ತಮ್ಮ ಅಂಗಿಯ ತೋಳನ್ನು ಮೇಲಕ್ಕೆ ಮಡಿಚಿ ತೋರಿಸಿದರು. ಮೊಣಕೈ ಸಂದಿನಲ್ಲಿ ಅಂಥದೇ ಕಪ್ಪು ಕಲೆ. ಲಗಮವ್ವ ಗಾಬರಿಯಾಗಿ ಕೈಮುಗಿದಳು. ಇಂಥ ಮಹಾತ್ಮರಿಗೂ ಹೋಗದ್ದು ತನಗೆ ಹೋದೀತೇ ಎಂದು ಮಾಳಿಂಗಪ್ಪ ಅಂಜುತ್ತ ಕೇಳಿದ.

"ಪೂರ್ತಿ ಹೋಗಾಕಿಲ್ಲ, ತಮ್ಮಾ. ದಿನಾ ಜ್ವಾಕಿ ಮಾಡಿದ್ರ ಹೇಳಿದಂಗ ಕೇಳತೈತಿ."

"ಕೂಸಿಗೆ, ಯಪ್ಪಾ? ಕೂಸಿಗೆ ಅಂಟತೈತೇನ್ರಿ?"

ಅಜ್ಜನವರು ಲಗಮವ್ವನ ಕಡೆಗೆ ಕೈ ಚಾಚಿ, ಆ ಕಲೆಯಿದ್ದ ತೋಳಿನಲ್ಲೇ ಮಗುವನ್ನೆತ್ತಿಕೊಂಡರು. ಸ್ವಲ್ಪ ಹೊತ್ತು ಆಡಿಸಿ, ಮಾಳಿಂಗಪ್ಪನ ಕೈಗಿಟ್ಟರು. ಮಗು ಮೀಸೆ ಹಿಡಿದು ಜಗ್ಗಿತು. ಆ ಗಟ್ಟಿ ಮನುಷ್ಯ ಎಲ್ಲರೆದುರಿಗೆ ಅತ್ತುಬಿಟ್ಟ.

ಆರು ವಾರದಲ್ಲಿ ತುರಿಕೆ ಹತೋಟಿಗೆ ಬಂದು ನಿದ್ದೆ ಹತ್ತಿತು. ಚಳಿಗಾಲದಲ್ಲಿ ಇಸುಬು ಈಗಲೂ ತಲೆ ಎತ್ತುತ್ತದೆ. ಮಾಳಿಂಗಪ್ಪ ಸಿಟ್ಟಾಗದೆ ಎಣ್ಣೆ ಬಟ್ಟಲು ತೆಗೆಯುತ್ತಾನೆ. ಹರಕೆ ಹೊರಲು ಹೊರಟವರನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯುವವನೂ ಈಗ ಅವನೇ. ಅಜ್ಜನವರು ಮಾಡಿದ ಪವಾಡವೇನೆಂದು ಸಂತೆಯಲ್ಲಿ ಯಾರಾದರೂ ಕೇಳಿದರೆ ಅವನ ಉತ್ತರ ಇಷ್ಟೇ:

"ಪವಾಡ ಏನಿಲ್ರೀ. ನನ್ನ ಮೊಮ್ಮಗಳನ್ನ ನನ್ನ ಕೈಯಾಗ ಕೊಟ್ರು."