ಚನ್ನಾಜಮ್ಮನ ಇಂಜಿನ್ ಗಾಡಿ

ಸಂತೆಬೀದಿಯ ಕೊನೇ ಮನೇಲಿ ಚನ್ನಾಜಮ್ಮ ಅಂತ ಒಬ್ಬಳಿದ್ದಳು. ದೇವರು ಅವಳಿಗೆ ಎರಡು ಕಾಲು ಕೊಟ್ಟು ಒಂದರ ಬಲ ಕಿತ್ತುಕೊಂಡಿದ್ದ. ಒಬ್ಬ ಮಗನನ್ನು ಕೊಟ್ಟು ಅವನ ಬುದ್ಧಿ ಕಿತ್ತುಕೊಂಡಿದ್ದ. ಮಗನ ಹೆಸರು ಮರಿಸ್ವಾಮಿ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ತೊಂದರೆ.

ಗಂಡ ಜವರಯ್ಯ ಪಂಪ್‌ಸೆಟ್ ಮೆಕ್ಯಾನಿಕ್. ಹೆಂಡತಿ ಕುಂಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ವೀಳ್ಯದೆಲೆ ಮಾರುವುದನ್ನು ನೋಡಲಾರದೆ, ಕಬ್ಬಿಣದ ಪೈಪು ಬಗ್ಗಿಸಿ, ನಾಲ್ಕು ಪುಟ್ಟ ಚಕ್ರ ಜೋಡಿಸಿ, ಹಳೇ ಸ್ಕೂಟರಿನ ಇಂಜಿನ್ ಕೂರಿಸಿ ಒಂದು ಗಾಡಿ ಮಾಡಿಕೊಟ್ಟಿದ್ದ. ನೆಲಕ್ಕೆ ಅಂಟಿಕೊಂಡ ಹಾಗೆ ಓಡೋ ಗಾಡಿ. ಮಗ ಕಿಕ್ ಹೊಡೆದು ಕೊಟ್ಟರೆ ಚನ್ನಾಜಮ್ಮ ರಾಣಿ ಹಾಗೆ ಹೋಗುತ್ತಿದ್ದಳು. ಅಷ್ಟು ಮಾಡಿಟ್ಟು ಜವರಯ್ಯ ತೀರಿಕೊಂಡ. ಗಾಡಿ ನೋಡಿಕೊಳ್ಳೋ ಕೆಲಸ ಮರಿಸ್ವಾಮಿ ಪಾಲಿಗೆ ಬಂತು. ಸ್ಪ್ಯಾನರ್ ಹಿಡಿದರೆ ಕೈ ಅಪ್ಪನದೇ. ತಲೆ ಮಾತ್ರ ಯಾರದೋ.

ಒಂದು ದಿನ ಬ್ರೇಕು ಸಡಿಲವಾಯ್ತು.

"ಲೇ ಮರಿ, ಬ್ರೇಕ್ ಬಿಗಿ ಮಾಡ್ಲಾ. ಹಿಡಿದರೆ ಗಾಡಿ ಜಪ್ಪಯ್ಯ ಅಂದ್ರೂ ಕದಲಬಾರದು."

"ಆಗ್ಲಿ ಕಣವ್ವ."

ಬಿಗಿ ಮಾಡಿದ, ಬಿಗಿ ಮಾಡಿದ, ಬೆವರು ಸುರಿಯೋತನಕ ಬಿಗಿ ಮಾಡಿದ. ಬೆಳಗ್ಗೆ ಎಲೆ ಬುಟ್ಟಿ ಇಟ್ಟುಕೊಂಡು ಕೂತರೆ ಇಂಜಿನ್ ಗುರುಗುಟ್ಟುತ್ತೆ, ಗಾಡಿ ಕದಲಲ್ಲ. ನಾಲ್ಕು ಜನ ನೂಕಿದರೂ ಕದಲಲ್ಲ. ಬಿಸಿಲೇರಿ ಎಲೆ ಬಾಡಿಹೋಯ್ತು.

"ಏನ್ಲಾ ಮಾಡಿದ್ದೀಯ?"

"ಕದಲಬಾರದು ಅಂದ್ಯಲ್ಲವ್ವ."

"ಅಯ್ಯೋ ನನ್ನ ಕರ್ಮ. ಬಿಗಿ ಮಾಡೋಕೂ ಒಂದು ಮಿತಿ ಬೇಡ್ವೇನ್ಲಾ? ಸ್ವಲ್ಪ ಸಡಿಲ ಬಿಡಬೇಕು ಕಣೋ, ಸಲೀಸಾಗಿ ಉರುಳೋ ಹಂಗೆ."

"ಆಗ್ಲಿ ಕಣವ್ವ. ಇನ್ಮೇಲೆ ಸಡಿಲ ಬಿಡ್ತೀನಿ."

ಬ್ರೇಕು ಸರಿಯಾಯ್ತು. ವಾರ ಕಳೆದು ಮುಂದಿನ ಒಂದು ಚಕ್ರ ಪಂಕ್ಚರ್ ಆಯ್ತು. ಮರಿಸ್ವಾಮಿ ಚಕ್ರ ಬಿಚ್ಚಿದ, ಪಂಕ್ಚರ್ ಹಾಕಿದ, ಮತ್ತೆ ಕೂರಿಸಿದ. ನಟ್ಟು ತಿರುಗಿಸುವಾಗ ಅವ್ವನ ಮಾತು ನೆನಪಾಯ್ತು. ಸಡಿಲ ಬಿಟ್ಟ.

ಬಸ್‌ಸ್ಟ್ಯಾಂಡಿನ ಹತ್ತಿರ ಚಕ್ರ ಕಳಚಿಕೊಂಡು ಮುಂದೆ ಹೋಯ್ತು, ಚನ್ನಾಜಮ್ಮ ಹಿಂದೆ ಉಳಿದಳು. ಗಾಡಿ ಮಗುಚಿತು. ಎಲೆ ಚರಂಡಿಗೆ, ಅವಳೂ ಚರಂಡಿಗೆ.

"ಚನ್ನಾಜಮ್ಮೋ, ನಿನ್ನ ಚಕ್ರ ಬಸ್ ಹತ್ತೋಕೆ ಹೊರಟೋಯ್ತು ನೋಡು," ಅಂದ ಟೀ ಅಂಗಡಿಯವನು. ನಿಂತವರೆಲ್ಲ ನಕ್ಕರು. ಎಬ್ಬಿಸೋಕೆ ಬಂದವರು ನಕ್ಕು ಮುಗಿಸಿ ಬಂದರು. ಮೈಮೇಲಿನ ಕೊಚ್ಚೆಗಿಂತ ಆ ನಗು ಅವಳಿಗೆ ಹೆಚ್ಚು ನಾತ ಹೊಡೆಯಿತು.

"ಸಡಿಲ ಬಿಡು ಅಂದ್ಯಲ್ಲವ್ವ," ಅಂದ ಮಗ.

"ಇನ್ನೊಂದ್ಸಲ ಸಡಿಲ ಅಂದ್ರೆ ನನ್ನ ನಾಲಗೆ ಬಿದ್ದೋಗ್ಲಿ. ಕೇಳಿಸ್ಕೋ. ಗಾಡೀಲಿ ಏನೂ ಅಲ್ಲಾಡಬಾರದು. ಅಲ್ಲಾಡೋದು ಏನು ಕಂಡ್ರೂ ಬೆಸುಗೆ ಹಾಕ್ಸು."

"ಆಗ್ಲಿ ಕಣವ್ವ."

ಕಳಚಿದ ಚಕ್ರ ಕೂರಿಸಿ, ಗಾಡಿ ತಳ್ಳಿಕೊಂಡು ಅನ್ಸರ್ ಸಾಬರ ವೆಲ್ಡಿಂಗ್ ಅಂಗಡಿಗೆ ಹೋದ. ಸಾಬರು ಊಟಕ್ಕೆ ಹೋಗಿದ್ದರು. ಗಾಡಿಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ. ಹ್ಯಾಂಡಲ್ ಅಲ್ಲಾಡುತ್ತಿತ್ತು. ಆ ಕಡೆಗೂ ಅಲ್ಲಾಡುತ್ತಿತ್ತು, ಈ ಕಡೆಗೂ ಅಲ್ಲಾಡುತ್ತಿತ್ತು. ತಾನೇ ಕೂತು ಬೆಸುಗೆ ಹಾಕಿದ. ಅಚ್ಚುಕಟ್ಟಾದ ಬೆಸುಗೆ, ಅಪ್ಪನ ಕೈಯೇ.

ಮಾರನೇ ದಿನ ಬೀದಿ ಎಡಕ್ಕೆ ತಿರುಗಿತು, ಗಾಡಿ ತಿರುಗಲಿಲ್ಲ. ಗಾಬರೀಲಿ ಚನ್ನಾಜಮ್ಮನ ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಎದುರಿನ ಗೋಡೆ ಬಂದಿತ್ತು. ಬಲಗೈ ಮುರಿಯಿತು.

ಮೊದಲೇ ಒಂದು ಕಾಲಿಲ್ಲ, ಈಗ ಒಂದು ಕೈಯೂ ಇಲ್ಲ. ಮಗ ತುತ್ತು ಮಾಡಿ ತಿನ್ನಿಸಬೇಕು. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಅನ್ಸರ್ ಸಾಬರು ನೋಡೋಕೆ ಬಂದರು. "ಗಾಡಿ ನಾನು ನಿಂತು ಸರಿ ಮಾಡಿಸ್ತೀನಮ್ಮ, ಯೋಚನೆ ಬಿಡಿ," ಅಂದರು.

"ಬೇಡಿ ಸಾಬರೇ. ನಮ್ಮೆಜಮಾನ್ರು ಇದ್ದಾಗ ಅದು ಗಾಡಿ. ಈಗ ಅದು ನನ್ನ ಯಮ. ಅವರನ್ನ ಮಣ್ಣು ಮಾಡಿದ ದಿನಾನೇ ಅದನ್ನೂ ಅವರ ಜೊತೆ ಕಳಿಸಿಬಿಡಬೇಕಿತ್ತು," ಅಂದಳು. ಅವಳ ಕಣ್ಣಲ್ಲಿ ನೀರೂ ಇರಲಿಲ್ಲ.

ಸಾಬರು ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಮರಿಸ್ವಾಮಿ ಹಾಕಿಕೊಂಡ. ಆಗಲೇ ಗುದ್ದಲಿ ಹುಡುಕೋಕೆ ಹೊರಟಿದ್ದವನನ್ನು ಸಾಬರು ತಡೆದರು. ಯಾಕೆ ಅಂತ ಕೇಳಲಿಲ್ಲ. "ಏ ಮರಿ, ಒಂದು ಕೆಲಸ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗು. ಮೊದಲು ಗಾಡಿ ರಿಪೇರಿಗೆ ಬಾ."

"ಆಗ್ಲಿ ಸಾಬರೇ."

ಅವಳ ಕೈ ಕೂಡಿಕೊಳ್ಳೋತನಕ ಸಾಬರು ಹೇಳುತ್ತಾ ಹೋದರು, ಮರಿಸ್ವಾಮಿ ಮಾಡುತ್ತಾ ಹೋದ. ಬೆಸುಗೆ ಬಿಡಿಸಿದ. ನಟ್ಟು ಹದವಾಗಿ ಕೂರಿಸಿದ. ಬೆನ್ನಿಗೆ ಒರಗು ಮಾಡಿದ, ಸೀಟಿಗೆ ಮೆತ್ತೆ ಹಾಕಿದ, ಬಿಸಿಲಿಗೆ ಅಂತ ಮೇಲೊಂದು ತಗಡಿನ ಮಾಡೂ ಕೂರಿಸಿದ. ಜವರಯ್ಯನ ಕಾಲದಲ್ಲೂ ಗಾಡಿ ಅಷ್ಟು ಚೆನ್ನಾಗಿರಲಿಲ್ಲ.

ಒಂದು ಬೆಳಗ್ಗೆ ಬೀದೀಲಿ ಇಂಜಿನ್ ಸದ್ದು ಕೇಳಿತು. ಚನ್ನಾಜಮ್ಮ ಹೊಸ್ತಿಲಿಗೆ ಕುಂಟಿಕೊಂಡು ಬಂದಳು. ಮಗ ಗಾಡಿ ಮೇಲೆ ಕೂತು ನಗುನಗುತ್ತಾ ಮನೆ ಮುಂದೇ ಹಾದುಹೋದ. ಓಡಿಸಿ ನೋಡುತ್ತಿದ್ದಾನೆ ಅಂದುಕೊಂಡಳು. ಎಷ್ಟೋ ದಿನದ ಮೇಲೆ ತಲೆ ಬಾಚಿದಳು. ಒಳ್ಳೇ ಸೀರೆ ಉಟ್ಟಳು. ಪಕ್ಕದ ಮನೆಯವಳ ಕೈಲಿ ಎಲೆ ತರಿಸಿ ಬುಟ್ಟಿಗೆ ಜೋಡಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾದಳು.

ಹೊತ್ತು ನೆತ್ತಿಗೆ ಬಂದಾಗ ಮರಿಸ್ವಾಮಿ ನಡೆದುಕೊಂಡು ಬಂದ. ಮೈಯೆಲ್ಲ ಕೆಮ್ಮಣ್ಣು, ಹೆಗಲ ಮೇಲೆ ಗುದ್ದಲಿ.

"ಗಾಡಿ ಎಲ್ಲೋ ಮರಿ?"

"ಅಪ್ಪನ ಜೊತೆ ಕಳಿಸ್ದೆ ಕಣವ್ವ. ನೀನೇ ಅಂದಿದ್ಯಲ್ಲ. ಸಾಬರು ಒಂದು ಮುಗಿಸಿ ಇನ್ನೊಂದು ಮಾಡು ಅಂದ್ರು, ಅದಕ್ಕೇ ತಡ ಆಯ್ತು."

ಚನ್ನಾಜಮ್ಮ ಬೈಯೋಕೆ ಬಾಯಿ ತೆರೆದಳು. ಇನ್ನು ಇವನಿಗೆ ಒಂದು ಮಾತು ಹೇಳೋಕೂ ಅವಳಿಗೆ ಭಯವಾಯ್ತು.

ಅವ್ವ ಎಲೆ ಬುಟ್ಟಿ ಪಕ್ಕಕ್ಕೆ ಸರಿಸಿದ್ದು ಕಂಡು ಮರಿಸ್ವಾಮಿ ಹತ್ತಿರ ಬಂದು ಕೂತು, ಸಮಾಧಾನ ಹೇಳಿದ.

"ಯೋಚನೆ ಮಾಡಬೇಡ ಕಣವ್ವ. ಅಪ್ಪ ಮಲಗವ್ನೆ, ಕಿಕ್ ಹೊಡೆಯೋಕೆ ಆಗಲ್ಲ ಅಂತ ನನಗೂ ಗೊತ್ತು. ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿ, ಸ್ಟಾರ್ಟ್ ಮಾಡೇ ಮಣ್ಣು ಎಳೆದಿದ್ದೀನಿ."